ಮೇಕೆ ಕಂಪನಿಯ ಬೂಟು

ನನ್ನ ಅತ್ತೆಯವರ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಪೆನ್ಸಿಲ್ ಆರಾಮವಾಗಿ ನಿಲ್ಲುವಷ್ಟು ಜಾಗವಿತ್ತು. ಜೀವಮಾನವಿಡೀ ಹವಾಯಿ ಚಪ್ಪಲಿ ಮೆಟ್ಟಿದ ಪಾದಗಳು. ಮುಚ್ಚಿದ ಶೂ ಎಂಬುದನ್ನು ಅವು ಕಂಡಿರಲಿಲ್ಲ. ಎರಡನೆಯ ಬೆರಳುಗಳಲ್ಲಿ ಸವೆದು ತೆಳ್ಳಗಾದ ಬೆಳ್ಳಿಯ ಕಾಲುಂಗುರ. ಜಯನಗರದ ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಅವು ಟಿಕ್ ಟಿಕ್ ಎನ್ನುತ್ತ ಅಡುಗೆಮನೆಯಿಂದ ಹೊರಟವೆಂದರೆ, ಯಾರಿಗೋ ಒಂದು ಪ್ರಶ್ನೆ ಬರುತ್ತಿದೆ ಎಂದೇ ಅರ್ಥ.

ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆ ಒಳಗಿನ ದೀಪ ಆರುತ್ತದೆ ಅಂತೀರಲ್ಲ, ನೋಡಿದವರು ಯಾರು? ಟೆಲಿಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ ತಂತಿಯೊಳಗೆ ಮಾತು ಮಾತಿಗೆ ಡಿಕ್ಕಿಯಾಗುವುದಿಲ್ಲವೇ? ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಉತ್ತರ ತಿಳಿಯದೆ ತಡಬಡಾಯಿಸಿದರೆ ಅವರದು ಒಂದೇ ಮಾತು: "ಅಷ್ಟು ವರ್ಷ ಕಾನ್ವೆಂಟ್‌ನಲ್ಲಿ ಏನು ಹೇಳ್ಕೊಟ್ರೇ ನಿಂಗೆ? ಬರೀ ಥ್ಯಾಂಕ್ಯೂ, ಸಾರಿನಾ?" ಆನೆಸ್ಟ್ಲಿ, ಬಹುಪಾಲು ಅದನ್ನೇ ಹೇಳಿಕೊಟ್ಟಿದ್ದರು.

ಇಂಥವರು ಪ್ರಶ್ನೆಯೇ ಕೇಳದೆ ನಂಬಿದ್ದ ವಿಷಯ ಒಂದಿತ್ತು. ಮಕ್ಕಳ ಶೂ ಯಾವಾಗಲೂ ಒಂದು ಸೈಜ್ ದೊಡ್ಡದಿರಬೇಕು. "ಬೆಳೆಯೋ ಕಾಲು" ಎನ್ನುವುದು ಅವರ ಸಮರ್ಥನೆ. ನನ್ನ ಗಂಡನೂ ನಾದಿನಿಯೂ ಶೂ ತುದಿಗೆ ಹತ್ತಿ ತುರುಕಿಕೊಂಡೇ ಇಡೀ ಸ್ಕೂಲು ಮುಗಿಸಿದವರು. ಕಾಲು ಶೂ ತುಂಬುವ ಹೊತ್ತಿಗೆ ಶೂವಿನ ಅಟ್ಟೆ ಹಾರಿಹೋಗಿರುತ್ತಿತ್ತಂತೆ. "ನಮ್ಮ ಮನೆಗೆ ಮೊದಲು ಶೂ ಬರತ್ತೆ, ಹಿಂದೆ ಮಕ್ಕಳು ಬರ್ತಾವೆ" ಎಂದು ಮಾವನವರು ಹಾಸ್ಯ ಮಾಡುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ನಾದಿನಿ ಹಿಮಾಲಯದ ಸ್ಕೀಯಿಂಗ್ ಕೋರ್ಸಿಗೆ ಆಯ್ಕೆಯಾದಳು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು ಎಂದು ನಾನು ವಿವರಿಸಿದೆ. ನಾನೂ ಇಂಗ್ಲಿಷ್ ಕಥೆಪುಸ್ತಕದ ಚಿತ್ರಗಳಲ್ಲಿ ನೋಡಿದ್ದೆನೇ ಹೊರತು ಹಿಮ ಕಂಡವಳಲ್ಲ.

"ಜಾರೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಬಚ್ಚಲು ಸಾಲ್ದಾ?" ಎಂದರು ನನ್ನವರು.

ಮಾವನವರು ನಗಲಿಲ್ಲ. "ಕಾಲು ಮುರ್ಕೊಂಡು ಬಂದ್ರೆ ಇವಳನ್ನ ಯಾರು ಮದುವೆ ಆಗ್ತಾರೆ? ನಾನಂತೂ ಸೈನ್ ಹಾಕಲ್ಲ." ತಂದೆಯ ಒಪ್ಪಿಗೆಯ ಸಹಿ ಇಲ್ಲದೆ ಅವಳು ರೈಲು ಹತ್ತುವಂತಿರಲಿಲ್ಲ. ಹುಡುಗಿಯ ಕಣ್ಣು ತುಂಬಿತು.

ಟಿಕ್ ಟಿಕ್ ಸದ್ದು ಅಡುಗೆಮನೆಯಿಂದ ಬಂತು. "ಸ್ವಲ್ಪ ಸುಮ್ನಿರಿ. ನೋಡ್ದೇನೇ ಹೆಂಗ್ರೀ ಬೇಡ ಅನ್ನೋದು? ಮೊದಲು ಸಾಮಾನು ನೋಡೋಣ."

"ಹೋಗಿ ನೋಡ್ಕೊಂಡೇ ಬಾ. ನೀನು ಸರಿ ಅಂದ್ರೆ ಆಮೇಲೆ ಮಾತಾಡೋಣ" ಎಂದರು ಮಾವ. ನೋಡಿದ ಮೇಲೆ ತಾಯಿಯೇ ಬೇಡ ಅನ್ನುತ್ತಾಳೆ ಎಂಬ ಧೈರ್ಯ ಅವರಿಗೆ.

ಅಲ್ಲಿ ಕೊಡುವ ಹಲಗೆ, ಬೂಟುಗಳೆಲ್ಲ ಗಂಡಸರ ಅಳತೆಯವು, ಸಾಧ್ಯವಾದರೆ ಸ್ವಂತದ್ದು ತನ್ನಿ ಎಂದು ಕೋರ್ಸಿನವರು ತಿಳಿಸಿದ್ದರು. ನನ್ನ ಕಾನ್ವೆಂಟ್ ಗೆಳತಿಯೊಬ್ಬಳು ಗಂಡನ ಕೆಲಸದ ಮೇಲೆ ಆಸ್ಟ್ರಿಯಾದಲ್ಲಿ ಕೆಲವು ವರ್ಷ ಇದ್ದು ಬಂದು ಜೆ.ಪಿ. ನಗರದಲ್ಲಿ ಮನೆ ಮಾಡಿದ್ದಳು. ಅವಳ ಅಟ್ಟದಲ್ಲಿ ಎಲ್ಲವೂ ಇದ್ದವು. ಎರವಲು ಕೊಡುತ್ತೇನೆ ಎಂದಳು. ಅಷ್ಟರಲ್ಲಿ ನಾದಿನಿ ತಯಾರಿ ಕ್ಯಾಂಪಿಗೆ ಹೊರಟಳು. ಅಲ್ಲಿಂದ ಬಂದ ಮರುದಿನವೇ ರೈಲು. "ಅತ್ತಿಗೆ, ಹೆಂಗಾದ್ರೂ ಅಮ್ಮನ ಕೈಲಿ ಹೂಂ ಅನ್ಸು, ಪ್ಲೀಸ್" ಎಂದು ನನ್ನ ಕೈ ಹಿಡಿದುಕೊಂಡಳು. ಬೂಟಿನ ಅಳತೆಗೆ ಚಿಂತೆಯಿರಲಿಲ್ಲ. ತಾಯಿ ಮಗಳ ಪಾದ ಒಂದೇ ಉದ್ದ. ಒಂದೇ ಜೊತೆ ಚಪ್ಪಲಿಗೆ ದಿನಾ ಜಗಳ ಆಡುತ್ತಿದ್ದರು.

ಆಗಿನ ಜೆ.ಪಿ. ನಗರವೆಂದರೆ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಬಸ್ಸಿಳಿದು ಕೆಮ್ಮಣ್ಣಿನ ಧೂಳಿನಲ್ಲಿ ನಡೆದು ಹೋದೆವು. ಗೆಳತಿ ಹಲಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು.

"ಇದೇನೇ, ಮಂಚದ ಪಟ್ಟಿ ಬಿಚ್ಚಿಟ್ಟ ಹಾಗಿದೆ!" ಅತ್ತೆ ಕೈಯಿಂದ ಸವರಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಅಂಚು ಹರಿತವಾಗಿರುವುದು ಯಾಕೆಂದು ಕೇಳಿದರು. ಹಲಗೆಯ ತುದಿಯಲ್ಲಿ ಬಾಗಿದ ಕೊಂಬಿನ ಬೆಟ್ಟದ ಮೇಕೆಯ ಗುರುತಿತ್ತು, ಕೆಳಗೆ ಕಂಪನಿಯ ಉದ್ದನೆಯ ಜರ್ಮನ್ ಹೆಸರು. ಗೆಳತಿ ಅದನ್ನು ಉಚ್ಚರಿಸಿದಾಗ ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು.

"ಮೇಕೆ ಕಂಪನಿ ಅನ್ನಮ್ಮ, ಸಾಕು" ಎಂದರು ಅತ್ತೆ. ಆಮೇಲೆ ಯೋಚಿಸಿ, "ಅಲ್ಲಾ, ಮೇಕೆ ಎಂಥಾ ಬೆಟ್ಟದಲ್ಲೂ ಜಾರಲ್ಲ. ಜಾರೋ ಸಾಮಾನಿಗೆ ಅದರ ಗುರುತು ಯಾಕೆ ಹಾಕಿದಾರೆ?"

ಅಷ್ಟು ವರ್ಷ ಅಲ್ಲಿದ್ದರೂ ಆ ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲ ಎಂದು ಗೆಳತಿ ನಕ್ಕಳು. ನಗುತ್ತಲೇ ಬೂಟನ್ನು ಹಲಗೆಯ ಕೊಂಡಿಗೆ ಹೇಗೆ ಸಿಕ್ಕಿಸುವುದೆಂದು ತೋರಿಸಿದಳು.

"ಸರಿ, ಸಿಕ್ಕಿಸಿದ್ದಾಯ್ತು. ಬಿದ್ದಾಗ?"

"ಬಿದ್ರೆ ಕೊಂಡಿ ತಾನಾಗೇ ಬಿಟ್ಕೊಳ್ಳತ್ತೆ ಆಂಟಿ. ಇಲ್ದಿದ್ರೆ ಹಲಗೆ ತಿರುಚಿದ ಕಡೆಗೆ ಕಾಲೂ ತಿರುಚತ್ತೆ."

"ಬಾಯಲ್ಲಿ ಹೇಳ್ಬೇಡ, ತೋರ್ಸು."

ಗೆಳತಿ ಬೂಟಿನ ಮೂತಿಗೆ ಅಡ್ಡಲಾಗಿ ಗುದ್ದಿದಳು. ಟಪ್ ಎಂದು ಬೂಟು ಕಳಚಿಕೊಂಡಿತು. ಅತ್ತೆ ತಾವೂ ಗುದ್ದಿ ನೋಡಿದರು. ಹಗುರ ಇರುವವರಿಗೆ ಬೇಗ ಬಿಡುವಂತೆ, ಭಾರ ಇರುವವರಿಗೆ ತಡೆದು ಬಿಡುವಂತೆ ಒಂದು ತಿರುಪು ಇದೆಯೆಂದು ತಿಳಿದ ಮೇಲಂತೂ ಅವರ ಮುಖ ಅರಳಿತು. "ಕುಕ್ಕರ್ ವಾಲ್ವ್ ಕಣೇ ಇದು! ನಮ್ಮ ಹುಡುಗಿ ಸರಿಯಾಗಿ ಊಟಾನೇ ಮಾಡಲ್ಲ, ಕಡ್ಡಿ. ಅವಳಿಗೆ ತಕ್ಕ ಹಾಗೆ ತಿರುಗ್ಸಿಡಮ್ಮ."

ಬೂಟುಗಳು ಎರಡು ಜೊತೆ ಇದ್ದವು, ದಪ್ಪ ಪ್ಲಾಸ್ಟಿಕ್ಕಿನವು, ಮೇಲೆ ಲೋಹದ ಕ್ಲಿಪ್ಪುಗಳು. ಒಂದು ಕೊಂಚ ದೊಡ್ಡದು, ಇನ್ನೊಂದು ಬಿಗಿ. "ಎರಡೂ ನನ್ನವೇ. ನೋಡ್ತಿರಿ, ಕಾಫಿ ತರ್ತೀನಿ" ಎಂದು ಗೆಳತಿ ಒಳಗೆ ಹೋದಳು.

ಅತ್ತೆಯ ಕೈ ಸೀದಾ ದೊಡ್ಡದರ ಮೇಲೆ ಹೋಯಿತು. "ಇದೇ ಸರಿ. ಎರಡು ಜೊತೆ ಉಣ್ಣೆ ಕಾಲುಚೀಲ ಹೆಣೆದುಕೊಡ್ತೀನಿ, ಕಾಲು ಬೆಚ್ಚಗಿರತ್ತೆ."

ಪೆಟ್ಟಿಗೆಯಲ್ಲಿ ಕಂಪನಿಯ ಪುಟ್ಟ ಪುಸ್ತಿಕೆ ಇತ್ತು. ಇಂಗ್ಲಿಷಿನ ಭಾಗದ ಮೇಲೆ ನಾನು ಕಣ್ಣಾಡಿಸುತ್ತಿದ್ದುದನ್ನು ಕಂಡು, "ಗಟ್ಟಿಯಾಗಿ ಓದು. ಕಾನ್ವೆಂಟ್ ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ" ಎಂದರು.

ಒಂದೇ ಒಂದು ತೆಳು ಕಾಲುಚೀಲ ಹಾಕಿ. ನೆಟ್ಟಗೆ ನಿಂತಾಗ ಬೆರಳು ಬೂಟಿನ ಮುಂಭಾಗವನ್ನು ಮುಟ್ಟಬೇಕು. ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು. ಬೂಟು ದೊಡ್ಡದಾದರೆ ಕಾಲು ಹೇಳಿದ್ದು ಹಲಗೆಗೆ ತಿಳಿಯುವುದಿಲ್ಲ.

"ಮುಂದೆ ಮುಟ್ಟಿದ್ರೆ ಕಚ್ಚಲ್ವೇನೇ? ಮಗು ಕಾಲು ಹುಣ್ಣಾಗಿ ಹೋಗತ್ತೆ."

"ಹಾಗಂತ ಬರ್ದಿದಾರೆ ಅತ್ತೆ."

"ಬರ್ದೋನ ಕಾಲೇನು ನನ್ನ ಮಗಳ ಕಾಲಾ?"

ಅಲ್ಲಿಗೆ ಮುಗಿಯಿತು, ದೊಡ್ಡದನ್ನೇ ಹೊತ್ತುಕೊಂಡು ಹೋಗುವುದು ಎಂದುಕೊಂಡೆ. ಆದರೆ ಅವರು ಸೋಫಾದಲ್ಲಿ ಕೂತರು. ಬಗ್ಗಿ, ಎರಡೂ ಕಾಲುಂಗುರಗಳನ್ನು ತಿರುಗಿಸಿ ತಿರುಗಿಸಿ ಕಳಚಿದರು. ಗಂಡನಿರುವ ಹೆಂಗಸು ಅದನ್ನು ತೆಗೆಯುವುದುಂಟೇ?

"ಅತ್ತೆ! ಏನ್ಮಾಡ್ತಿದೀರಾ?"

"ಇದಿದ್ರೆ ಬೆರಳು ಎಲ್ಲಿ ಮುಟ್ತು ಅಂತ ಹೆಂಗೆ ಗೊತ್ತಾಗತ್ತೆ? ಅವರು ಮನೇಲಿ ಪೇಪರ್ ಓದ್ಕೊಂಡು ಚೆನ್ನಾಗೇ ಇದಾರೆ. ಬಾಯ್ ಮುಚ್ಕೊಂಡು ಕ್ಲಿಪ್ ಹಾಕು." ಉಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಗೆಳತಿಯ ತೆಳು ಕಾಲುಚೀಲ ಹಾಕಿಸಿ, ಮೊದಲು ದೊಡ್ಡ ಬೂಟು ತೊಡಿಸಿದೆ. ನಿಂತು ಮೊಣಕಾಲು ಬಗ್ಗಿಸಿದರು. "ಬೂಟು ಅದರ ಪಾಡಿಗೆ ಅದು ಇದೆ, ನನ್ನ ಕಾಲು ಇದರ ಪಾಡಿಗೆ ಇದು" ಎಂದರು. ಆಮೇಲೆ ಬಿಗಿಯದು. ನೆಟ್ಟಗೆ ನಿಂತಾಗ ಮುಖ ಕಿವುಚಿತು. "ನೋಡ್ದಾ, ಮುಟ್ತು." ನನ್ನ ಭುಜ ಹಿಡಿದು ನಿಧಾನಕ್ಕೆ ಬಗ್ಗಿದರು. ತಟ್ಟನೆ ಅಲ್ಲೇ ನಿಂತರು.

"ಹಿಂದಕ್ಕೆ ಹೋಯ್ತು ಕಣೇ!"

ನೆಟ್ಟಗಾದರು. ಮತ್ತೆ ಬಗ್ಗಿದರು. ಇಳಕಲ್ ಸೀರೆಯ ಕೆಳಗೆ ಕೆಂಪು ಸ್ಕೀ ಬೂಟು. ಕಾಫಿ ಹಿಡಿದು ಬಂದ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಳು. "ಮೊದಲನೇ ವರ್ಷ ನಾನೂ ದೊಡ್ಡದೇ ತಗೊಂಡಿದ್ದೆ ಆಂಟಿ. ಬಿದ್ದಿದ್ದೇ ಬಿದ್ದಿದ್ದು" ಎಂದಳು. ಅತ್ತೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಏಳುತ್ತ ಬಗ್ಗುತ್ತ ತಮ್ಮ ಬೆರಳುಗಳನ್ನೇ ಒಳಗಿನಿಂದ ಗಮನಿಸುತ್ತಿದ್ದರು.

ಮನೆಗೆ ಬಂದಾಗ ಮಾವನವರು ಪೇಪರ್ ಹಿಡಿದು ಹಾಲಿನಲ್ಲಿ ಕೂತಿದ್ದರು. ಅತ್ತೆ ಎದುರಿಗೆ ಬಂದು ನಿಂತರೂ ಅವರಿಗೆ ಗೊತ್ತೇ ಆಗಲಿಲ್ಲ. ಟಿಕ್ ಟಿಕ್ ಸದ್ದಿರಲಿಲ್ಲವಲ್ಲ. ತಲೆಯೆತ್ತಿದವರ ಕಣ್ಣು ಅತ್ತೆಯ ಬರಿಗಾಲಿಗೆ ಹೋಯಿತು.

"ಎಲ್ಲೇ ಅದು?"

ಅತ್ತೆಗೆ ಆಗ ನೆನಪಾಯಿತು. ಸೆರಗಿನ ಗಂಟು ಬಿಚ್ಚುತ್ತ, "ಬೂಟು ಹಾಕ್ಕೊಳ್ಳೋವಾಗ ಅಡ್ಡ ಬಂತು, ತೆಗ್ದೆ. ನೀವು ಚೆನ್ನಾಗಿದೀರ ತಾನೇ?" ಎಂದರು.

"ನೀನು ಹಾಕ್ಕೊಂಡ್ಯಾ?"

"ಎರಡನ್ನೂ ಹಾಕ್ಕೊಂಡು ನೋಡ್ದೆ. ಚಿಕ್ಕದೇ ಸರಿ."

"ಚಿಕ್ಕದು? ನಿನ್ನ ಬಾಯಲ್ಲಿ?" ಮಾವನವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಕಾಲುಂಗುರ ತೆಗೆದದ್ದಕ್ಕೆ ಬೈಗುಳ ಬರುತ್ತದೆಂದು ನಾನು ಕಾದೆ. "ಪೆನ್ನು ಕೊಡಮ್ಮ" ಎಂದರು ನನಗೆ.

ನಾದಿನಿ ಹೋದಳು, ಮೂಗಿನ ತುದಿ ಬಿಸಿಲಿಗೆ ಕಪ್ಪಾಗಿ ವಾಪಸ್ ಬಂದಳು. ದಿನಾ ಬಿದ್ದಳಂತೆ. ಒಮ್ಮೆ ಕಾಲು ಹೊರಳಿ ಬಿದ್ದಾಗ ಹಲಗೆ ಟಪ್ ಎಂದು ಕಳಚಿ ಇಳಿಜಾರಿನಲ್ಲಿ ಒಂದೇ ಓಡಿಹೋಯಿತಂತೆ. "ಬಿಡ್ತಾ? ಬಿಡ್ತಾ?" ಎಂದು ಅತ್ತೆ ಅದನ್ನೇ ಪದೇ ಪದೇ ಹೇಳಿಸಿಕೊಂಡರು. "ಬೂಟು ಕಚ್ಚಿತೇನೇ?" ಎಂದರೆ ಮಾತ್ರ ಆ ತುಂಟಿ, "ಸಖತ್ತಾಗಿ ಕಚ್ಚಿತು" ಎಂದು ರೇಗಿಸುತ್ತಿದ್ದಳು. ಅವಳು ಮಲಗಿದ್ದಾಗ ಅತ್ತೆ ಹೊದಿಕೆ ಸರಿಸಿ ಅವಳ ಹಿಮ್ಮಡಿಯಲ್ಲಿ ಹುಣ್ಣು ಹುಡುಕಿದ್ದನ್ನು ನಾನು ಕಂಡಿದ್ದೇನೆ. ಅವಳು ಮದುವೆಯಾಗಿ ಹೋದ ಮೇಲೂ, ಬಂದಾಗಲೆಲ್ಲ ಪ್ರಶ್ನೆ ಅದೇ, ಉತ್ತರವೂ ಅದೇ.

ಇವತ್ತಿಗೂ ನಾನು ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಚಪ್ಪಲಿ ಕೊಳ್ಳುವಾಗ ಮೊಣಕಾಲು ಬಗ್ಗಿಸಿ ನೋಡುತ್ತೇನೆ. "ಏನ್ ಆಂಟಿ, ಡ್ಯಾನ್ಸಾ?" ಎಂದು ಸೇಲ್ಸ್‌ಮನ್ ನಗುತ್ತಾನೆ. ಥ್ಯಾಂಕ್ಯೂ, ಸಾರಿ ಬಿಟ್ಟು ಬೇರೆ ಏನನ್ನಾದರೂ ನಾನು ಕಲಿತಿದ್ದರೆ, ಅದು ಆ ಮನೆಯ ಅಡುಗೆಮನೆಯಿಂದ ಟಿಕ್ ಟಿಕ್ ಎನ್ನುತ್ತ ಬಂದದ್ದು.

ಎಂಬತ್ತರ ದಶಕದ ಕೊನೆಯಲ್ಲಿ ಅತ್ತೆ ಹೋದರು, ಮಾವನವರಿಗಿಂತ ಮೊದಲು. ಹಾಲಿನಲ್ಲಿ ಮಲಗಿಸಿ ಪಾದಗಳಿಗೆ ಅರಿಶಿನ ಹಚ್ಚಲು ನಾದಿನಿಯೂ ನಾನೂ ಕೂತೆವು. ಕಾಲುಂಗುರ ಅದರ ಜಾಗದಲ್ಲೇ ಇತ್ತು. ನಾದಿನಿ ತಾಯಿಯ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಎಷ್ಟು ಹೊತ್ತಾದರೂ ಬಿಡಲಿಲ್ಲ. ಆಮೇಲೆ ಕಿವಿಯಲ್ಲಿ ಹೇಳುವಂತೆ ಆ ಪಾದದ ಮೇಲೆ ಬಗ್ಗಿ ಹೇಳಿದಳು:

"ಇಲ್ಲಮ್ಮ. ಒಂದು ದಿನಾನೂ ಕಚ್ಚಲಿಲ್ಲ."