ದಾನಪ್ಪ ತೆರೆಯಬೇಡಿ ಎಂದ ಬೆಳ್ಳಿಯ ಕರಡಿಗೆ

ಟೊರೊಂಟೊ ಹತ್ತಿರದ ಬರ್ಲಿಂಗ್ಟನ್ನಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ದಾನಪ್ಪ ಕಲಘಟಗಿಯವರ ಕೆಲಸ ಇಷ್ಟೇ: ಲೇತ್‌ನಿಂದ ಇಳಿದು ಬಂದ ತುಂಡನ್ನು ಅಳೆಯುವುದು, ಪಾಸ್ ಅಥವಾ ಫೇಲ್ ಎಂದು ಬರೆದು ಸಹಿ ಹಾಕುವುದು. ಇಪ್ಪತ್ತಮೂರು ವರ್ಷ ಅದನ್ನೇ ಮಾಡಿದರು. ಟೊಳ್ಳಾದ ತುಂಡಾದರೆ ಒಳಕ್ಕೆ ಗೇಜ್ ಹಾಕಿ ನೋಡಿದ ಮೇಲೆಯೇ ಸಹಿ. ಹೊರಗಿನ ಅಳತೆ ಸರಿಯಿದೆ, ಒಳಗೂ ಸರಿಯಿರಬೇಕು ಎಂದು ಬಿಟ್ಟದ್ದು ಒಮ್ಮೆಯೂ ಇಲ್ಲ. ಊಟದ ಡಬ್ಬಿಯನ್ನೂ ಅವರು ಅಳೆದೇ ಮುಚ್ಚುತ್ತಾರೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಅಂಥ ಮನುಷ್ಯ ನಿವೃತ್ತಿಯ ವರ್ಷದಲ್ಲಿ, ಒಳಗೇನಿದೆ ಎಂದು ನೋಡದೆ ಒಂದು ವಸ್ತುವಿಗೆ ಪಾಸ್ ಹಾಕಿದರು. ನಾಲ್ಕುನೂರ ಹದಿನೆಂಟು ಜನ ಅವರ ಮಾತು ನಂಬಿ ಒಂದು ಮನವಿಗೆ ಸಹಿ ಮಾಡಿದರು. ಹೋದ ಒಂದು ವರ್ಷದಿಂದ ತಮ್ಮ ಆ ಮಾತನ್ನು ಹಿಂದಕ್ಕೆ ಪಡೆಯುವುದೇ ದಾನಪ್ಪನವರ ಕೆಲಸವಾಗಿದೆ.

ಧಾರವಾಡದ ಪಕ್ಕದ ಅಮ್ಮಿನಭಾವಿಯಿಂದ ಹುಬ್ಬಳ್ಳಿಯ ವರ್ಕ್‌ಶಾಪಿಗೆ, ಅಲ್ಲಿಂದ 1998ರಲ್ಲಿ ಮಿಸ್ಸಿಸಾಗಕ್ಕೆ ಬಂದವರು ಅವರು. ಇಂಗ್ಲಿಷ್ ಅಷ್ಟಕ್ಕಷ್ಟೇ ಇತ್ತು. ಕ್ಲಾರ್ಕ್‌ಸನ್ ಸ್ಟೇಷನ್ನಿನಿಂದ ಬರ್ಲಿಂಗ್ಟನ್ನಿಗೆ ರೈಲಿನಲ್ಲಿ ಹೋಗಿಬರುವಾಗ ಓದಲೆಂದು ಲೈಬ್ರರಿಯಿಂದ ದಪ್ಪ ಕಾದಂಬರಿಗಳನ್ನು ತರತೊಡಗಿದರು. ಕೈಗೆ ಮೊದಲು ಸಿಕ್ಕದ್ದು ಯುರೋಪಿನ ಚರ್ಚು, ರಹಸ್ಯ ಪಂಥ, ಗೋಡೆಯೊಳಗೆ ಬಚ್ಚಿಟ್ಟ ಸುವಾರ್ತೆ, ಕೊಲೆಯಾದ ಕಾರ್ಡಿನಲ್‌ಗಳ ಕಥೆ. ಮುಂದೆ ಬೇರೆ ಬಗೆಯದನ್ನು ಓದಲೇ ಇಲ್ಲ. ಅಂಗಡಿಯಲ್ಲಿ ಸೌಟಿಗೆ ಏನೆಂದು ಕೇಳಬೇಕೆಂದು ತಿಳಿಯದ ಕಾಲದಲ್ಲೇ ಚರ್ಚಿನ ನೆಲಮಾಳಿಗೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಕಾದಂಬರಿ ಮುಗಿದ ಮೇಲೆ ಅದರಲ್ಲಿ ಖರೆ ಎಷ್ಟು ಎಂದು ಹುಡುಕುವುದು ಅವರ ಚಟ. 1307ರ ಅಕ್ಟೋಬರ್ 13ರಂದು ಫ್ರಾನ್ಸಿನ ದೊರೆ ಟೆಂಪ್ಲರ್ ಎಂಬ ಕ್ರೈಸ್ತ ಪಂಥದ ಯೋಧರನ್ನು ಒಂದೇ ದಿನ ಹಿಡಿಸಿದ್ದು ಖರೆ. ಚಕ್ರವರ್ತಿಯೊಬ್ಬ ಪಶ್ಚಿಮದ ರಾಜ್ಯವನ್ನೆಲ್ಲ ಪೋಪ್‌ಗೆ ದಾನ ಕೊಟ್ಟನೆಂಬ ಪತ್ರ ಖೊಟ್ಟಿ, ಅದನ್ನು ತೋರಿಸಿಕೊಟ್ಟವನು ಹದಿನೈದನೆಯ ಶತಮಾನದ ಇಟಲಿಯ ಒಬ್ಬ ಪಂಡಿತ. ಫ್ರಾನ್ಸಿನಲ್ಲಿ 1956ರಲ್ಲಿ ನೋಂದಾಯಿಸಿದ ಒಂದು ಸಂಘಕ್ಕೆ ಸಾವಿರ ವರ್ಷದ ಚರಿತ್ರೆ ಕಟ್ಟಿ, ಸುಳ್ಳು ಕಾಗದಗಳನ್ನು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರಿಸಿದ್ದರು. ಮುಂದೆ ಬಂದವರು ಅವೇ ಕಾಗದಗಳನ್ನು ಸಾಕ್ಷಿಯೆಂದು ತೋರಿಸಿದರು. ಈ ಕೊನೆಯದನ್ನು ದಾನಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಚಹಾ ತಂದಿಡುವ ಹೆಂಡತಿ ನಾಗವ್ವನಿಗೆ ಅದು ಬಾಯಿಪಾಠವಾಗಿತ್ತು.

2022ರ ವಸಂತದಲ್ಲಿ, ನಿವೃತ್ತರಾದ ಎರಡನೆಯ ತಿಂಗಳು, ಅವರು ಟೊರೊಂಟೊದ ಒಂದು ಮ್ಯೂಸಿಯಂಗೆ ಹೋದರು. ಉಗ್ರಾಣದಲ್ಲಿರುವ ವಸ್ತುಗಳನ್ನು ಅಲ್ಲಿ ತಿಂಗಳಿಗೊಮ್ಮೆ ಮೇಜಿನ ಮೇಲಿಟ್ಟು ಹತ್ತಿರದಿಂದ ತೋರಿಸುತ್ತಿದ್ದರು. ಆ ದಿನದ ಮೇಜಿನ ಮೇಲೆ ಒಂದು ಬೆಳ್ಳಿಯ ಪದಕವಿತ್ತು. ಪುಟ್ಟ ಗಡಿಗೆಯಂತೆ ದುಂಡಗೆ, ಎರಡೂ ಬದಿಗೆ ದಾರ ಪೋಣಿಸುವ ಬಳೆ. ಚೀಟಿಯಲ್ಲಿ ಬರೆದದ್ದು ಇಷ್ಟೇ: ದಕ್ಷಿಣ ಜರ್ಮನಿ, ಸುಮಾರು 1600.

ದಾನಪ್ಪ ಸ್ವೆಟರಿನ ಮೇಲಿನಿಂದ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗ ತಂದೆ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ ಅಲ್ಲಿ ಶಿವದಾರದಲ್ಲಿ ತೂಗುತ್ತದೆ, ಅದರೊಳಗೆ ಅವರ ಇಷ್ಟಲಿಂಗ. ಮೇಜಿನ ಮೇಲಿನದಕ್ಕೂ ಇದಕ್ಕೂ ಆಕಾರದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಮೇಜಿನ ಹಿಂದೆ ನಿಂತಿದ್ದ ಅಧಿಕಾರಿಯ ಹೆಸರು ಫಿಲೊಮೆನಾ. ಪೋರ್ಚುಗಲ್ಲಿನಿಂದ ಬಂದ ಮನೆತನದವರು. ಇದು ತೆರೆಯುತ್ತದೆ, ತೋರಿಸಲೇ ಎಂದು ಕೇಳಿ ಅವರು ಕೈ ಮುಂದೆ ಮಾಡಿದರು. ದಾನಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ದಯವಿಟ್ಟು ತೆರೆಯಬೇಡಿ ಎಂದರು. ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ಬಿಚ್ಚಿ ನೋಡುವುದಿಲ್ಲ. ನಾಗವ್ವನ ಕರಡಿಗೆಯನ್ನು ನಲವತ್ತು ವರ್ಷದಲ್ಲಿ ದಾನಪ್ಪ ಮುಟ್ಟಿದವರಲ್ಲ. ಫಿಲೊಮೆನಾ ಕಾರಣ ಕೇಳಲಿಲ್ಲ. ಪದಕವನ್ನು ಹಾಗೆಯೇ ಮೆತ್ತನೆಯ ಪೆಟ್ಟಿಗೆಯಲ್ಲಿ ಇಟ್ಟರು.

ಹಿಂದಿರುಗುವ ರೈಲಿನಲ್ಲೇ ಕಥೆ ಅರ್ಧ ಸಿದ್ಧವಾಯಿತು. ಗೋವೆಯಲ್ಲಿ ಪೋರ್ಚುಗೀಸರಿದ್ದರು, ಧಾರವಾಡ ಅಲ್ಲಿಂದ ದೂರವಿಲ್ಲ. 1560ರಲ್ಲಿ ಗೋವೆಗೆ, ಧರ್ಮದ್ರೋಹವೆಂದು ಜನರನ್ನು ಶಿಕ್ಷಿಸುವ ಚರ್ಚಿನ ವಿಚಾರಣಾ ಮಂಡಳಿ ಬಂತು. ಒಬ್ಬ ಲಿಂಗವಂತ ಹಡಗು ಹತ್ತಿರಬೇಕು, ಅಥವಾ ಅವನ ಕೊರಳಿನದನ್ನು ಕಿತ್ತುಕೊಂಡ ಪಾದ್ರಿ ಹತ್ತಿರಬೇಕು. ಚೀಟಿಯಲ್ಲಿ ಜರ್ಮನಿ ಎಂದು ಬರೆದು ಸುಮ್ಮನಾಗಿದ್ದಾರೆ ಎಂದರೆ ಏನನ್ನೋ ಮುಚ್ಚಿದ್ದಾರೆ. ಕನ್ನಡಿಗರ ಮಾಸಿಕ ಕೂಟವೊಂದರಲ್ಲಿ ಇದನ್ನು ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಳೆಯದೆ ಮಾತಾಡದ ಮನುಷ್ಯನ ಮಾತು, ಯಾರೂ ಅನುಮಾನಿಸಲಿಲ್ಲ.

ಎರಡು ವರ್ಷದ ನಂತರ ಬೆಳಗಾವಿಯ ಬಸವೇಶ ಅದನ್ನು ವಿಡಿಯೊ ಮಾಡಿದ. ಬ್ರಾಂಪ್ಟನ್ನಿನಲ್ಲಿರುವ ಇಂಜಿನಿಯರು, ದಾನಪ್ಪನವರನ್ನು ಕಾಕಾ ಎನ್ನುವವನು, ದೂರದ ನಂಟಿನಲ್ಲಿ ಅವರ ಪೈಕಿಯವನೇ. ಹನ್ನೊಂದು ನಿಮಿಷದ ವಿಡಿಯೊದಲ್ಲಿ ಕತ್ತಲೆಯ ಚರ್ಚು, ಉರಿಯುವ ಮೇಣದಬತ್ತಿ, ನಡುವೆ ದಾನಪ್ಪನವರ ಮುಖ. ಮೂವತ್ತು ಸಾವಿರ ಜನ ನೋಡಿದರು. ಅದರ ಬೆನ್ನಿಗೇ ಮನವಿ: ಇದು ಯುರೋಪಿನ ಚರ್ಚು ಬಚ್ಚಿಟ್ಟ ಇಷ್ಟಲಿಂಗವೆಂದು ಮ್ಯೂಸಿಯಂ ಒಪ್ಪಿಕೊಳ್ಳಬೇಕು, ಹಿಂದಿರುಗಿಸಬೇಕು. ಮೊದಲ ಸಹಿ ಬಸವೇಶನದು, ಮನವಿಯ ಮೇಲ್ಗಡೆ, ಹೇಳಿದವರೆಂದು, ದಾನಪ್ಪನವರ ಹೆಸರು. 2025ರ ಮೇ ಮೊದಲ ಶನಿವಾರ, ಬಸವ ಜಯಂತಿಯ ಕಾರ್ಯಕ್ರಮದಲ್ಲಿ ಓದಿ, ಮರುದಿನ ಕಳಿಸುವುದೆಂದು ನಿಶ್ಚಯವಾಯಿತು.

ಕಾರ್ಯಕ್ರಮಕ್ಕೆ ಹದಿನೆಂಟು ದಿನ ಇರುವಾಗ ಫಿಲೊಮೆನಾ ಅವರಿಂದ ಒಂದು ಮೇಲ್ ಬಂತು. ಯಾರೋ ಒಬ್ಬರು ಮ್ಯೂಸಿಯಂ ಬಾಗಿಲಿಗೆ ಬಂದು ನನ್ನನ್ನು ಕಳ್ಳಿ ಎಂದು ಕೂಗಿ ಹೋದರು, ನಿಮ್ಮ ಹೆಸರು ಹೇಳಿದರು ಎಂದು ಬರೆದಿದ್ದರು. ಕೊನೆಯ ಸಾಲು: ಆ ದಿನ ನೀವು ನೋಡಲಿಲ್ಲ, ಈಗಲಾದರೂ ಬಂದು ನೋಡುವಿರಾ?

ದಾನಪ್ಪ ಮೇಲ್ ಅನ್ನು ನಾಗವ್ವನಿಗೆ ಓದಿ ಹೇಳಿದರು. ನಾಗವ್ವ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಒಳಗ ಏನೈತಿ ನೋಡೀರೇನು?"

"ಹೆಂಗ ನೋಡ್ಲಿ? ಒಬ್ರ ಲಿಂಗ..."

"ಲಿಂಗ ಐತಿ ಅಂತ ಹೇಳಿದವ್ರು ಯಾರ್ರಿ? ನೀವ ಹೇಳಿದ್ರಿ, ನೀವ ತೆಗೀಬ್ಯಾಡ ಅಂದ್ರಿ. ಆ ಪ್ಯಾರಿಸ್ ಮಂದಿ ತಾವ ಕಾಗದಾ ಇಟ್ಟು ತಾವ ಹುಡುಕಿದ್ರು ಅಂತ ನಗತಿದ್ರಿ. ಅವ್ರಿಗೂ ನಿಮಗೂ ಏನ್ ಫರಕ ಆತು?"

ನಾಗವ್ವ ರೊಟ್ಟಿ ತಿರುವಿ ಹಾಕಿ, ಸ್ವಲ್ಪ ಮೆತ್ತಗೆ ಹೇಳಿದರು: "ಕೈ ಮುಗದು ತೆಗಸ್ರಿ. ಲಿಂಗ ಇದ್ರ ತಪ್ಪಾತು ಅನ್ನೋಣ. ಇಲ್ಲಂದ್ರ ಅದೊಂದು ಡಬ್ಬಿ."

ಮುಂದಿನ ಮಂಗಳವಾರ ದಾನಪ್ಪ ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೋದರು. ಕಾರ್ಖಾನೆಯ ಹಳೆಯ ನೋಟ್‌ಬುಕ್ ಜೇಬಿನಲ್ಲಿತ್ತು. ಫಿಲೊಮೆನಾ ಕೈಗವಸು ಹಾಕಿಕೊಂಡು ಪದಕವನ್ನು ಹೊರತೆಗೆದರು. ಮೊದಲ ಸಲ ತೆರೆಯಬೇಡಿ ಎಂದದ್ದು ಏಕೆ ಎಂಬುದನ್ನು ದಾನಪ್ಪ ಅವರಿಗೆ ವಿವರಿಸಿದರು. ಫಿಲೊಮೆನಾ ಕೇಳಿಸಿಕೊಂಡು, ಹಾಗಾದರೆ ತೆರೆಯಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಇನ್ನೊಮ್ಮೆ ಕೇಳಿದರು. ದಾನಪ್ಪ ಕೈ ಮುಗಿದು ಹೂಂ ಎಂದರು.

ಪದಕದ ತಲೆಯ ಮೇಲಿನ ಸ್ಕ್ರೂ ತಿರುಗಿಸಿದಾಗ ಗಡಿಗೆ ಕಿತ್ತಳೆಯ ತೊಳೆಗಳಂತೆ ಆರು ಭಾಗವಾಗಿ ಹೊರಕ್ಕೆ ಬಿಚ್ಚಿಕೊಂಡಿತು. ಪ್ರತಿ ತೊಳೆಗೂ ಸರಿಯುವ ಚಿಕ್ಕ ಮುಚ್ಚಳ, ಮುಚ್ಚಳದ ಮೇಲೆ ಕೊರೆದ ಹೆಸರು: ಲವಂಗ, ದಾಲ್ಚಿನ್ನಿ, ಜಾಯಿಕಾಯಿ, ಹೀಗೆ ಜರ್ಮನ್ ಭಾಷೆಯಲ್ಲಿ. ಪ್ಲೇಗು ಕೆಟ್ಟ ಗಾಳಿಯಿಂದ ಬರುತ್ತದೆಂದು ನಂಬಿದ್ದ ಕಾಲದಲ್ಲಿ ಯುರೋಪಿನ ಉಳ್ಳವರು ಸುಗಂಧ ತುಂಬಿ ಇಂಥದ್ದನ್ನು ಕೊರಳಿಗೋ ಸೊಂಟಕ್ಕೋ ಕಟ್ಟಿಕೊಳ್ಳುತ್ತಿದ್ದರು ಎಂದು ಫಿಲೊಮೆನಾ ಹೇಳಿದರು. ಮ್ಯೂಸಿಯಂಗೆ ಅದು ಬಂದ ಕಾಲದ ಹಳೆಯ ಕಾರ್ಡನ್ನೂ ತೋರಿಸಿದರು. ಆರು ತೊಳೆ ಬಿಚ್ಚಿದ ಚಿತ್ರ ಅದರಲ್ಲಿತ್ತು.

ದಾನಪ್ಪ ನಡುವಿನ ಭಾಗದ ಅಳತೆ ಕೇಳಿದರು. ನಡುವೆ ಇದ್ದದ್ದು ಒಂದು ಕಡ್ಡಿ, ನಾಲ್ಕು ಮಿಲಿಮೀಟರ್ ದಪ್ಪ. ಅಲ್ಲಿ ಲಿಂಗ ಕೂಡುವಷ್ಟು ಜಾಗ ಇಲ್ಲ, ಎಂದೂ ಇದ್ದಿರಲಿಲ್ಲ. ಅವರು ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಫೇಲ್ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಆಮೇಲೆ ಬಾಗಿಲಲ್ಲಿ ಕೂಗಿದವನ ಪರವಾಗಿ ಫಿಲೊಮೆನಾ ಅವರ ಕ್ಷಮೆ ಕೇಳಿದರು.

ಬಸವ ಜಯಂತಿಯ ದಿನ ಶಾಲೆಯ ಸಭಾಂಗಣ ತುಂಬಿತ್ತು. ದಾನಪ್ಪನವರಿಗೆ ಹತ್ತು ನಿಮಿಷ ಇಟ್ಟಿದ್ದರು. ಅವರು ನಾಲ್ಕೇ ನಿಮಿಷದಲ್ಲಿ ಮುಗಿಸಿದರು. ನೋಡದೆ ಹೇಳಿದೆ, ಈಗ ನೋಡಿ ಬಂದೆ, ಅದು ಮಸಾಲೆಯ ಡಬ್ಬಿ, ಮ್ಯೂಸಿಯಂನ ಹಳೆಯ ಕಾರ್ಡಿನಲ್ಲೂ ಹಾಗೇ ಇದೆ, ಮನವಿ ಕಳಿಸಬೇಡಿ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಿಂದ ಬಸವೇಶ ಎದ್ದ.

"ಕಾಕಾ, ಮೂರು ವರ್ಷದಾಗ ಅವ್ರು ಒಳಗಿಂದು ಚೇಂಜ್ ಮಾಡಿರಬಹುದಲ್ಲಾ? ಕಾರ್ಡೂ ಆಮ್ಯಾಲೆ ಮಾಡಿರಬಹುದು. ನೀವ ಹೇಳೀರಿ, ಖೊಟ್ಟಿ ಕಾಗದಾ ಲೈಬ್ರರ್‍ಯಾಗ ಇಡ್ತಾರಂತ."

"ಇಡ್ತಾರ, ಬಸು. ಹಂಗಂತ ಲೈಬ್ರರ್‍ಯಾಗಿನ ಕಾಗದಾ ಎಲ್ಲಾ ಖೊಟ್ಟಿ ಆಗೂದಿಲ್ಲ. ಮೂರು ವರ್ಷದ ಹಿಂದ ಒಳಗ ಲಿಂಗ ನೋಡಿದವ ಯಾರು? ನೀನಾ, ನಾನಾ?"

"ನಿಮ್ಗ ಅವ್ರು ಹೆದರಿಸ್ಯಾರ."

ಸಭೆಯಲ್ಲಿ ಕೆಲವರು ತಲೆಯಾಡಿಸಿದರು. ಹೆದರಿಸಿದ್ದು ಮನೆಯಲ್ಲಿ ರೊಟ್ಟಿ ಬಡಿಯುವವಳು ಎಂದು ದಾನಪ್ಪ ಹೇಳಿದಾಗ ಒಂದಿಷ್ಟು ನಗು ಬಂತು. ಆದರೂ ಮನವಿ ಕಳಿಸುವುದು ನಿಂತಿತೇ ಹೊರತು ಕಥೆ ನಿಲ್ಲಲಿಲ್ಲ. ದಾನಪ್ಪನವರ ಬಾಯಿ ಮುಚ್ಚಿಸಿದ್ದಾರೆ ಎಂಬ ಹೊಸ ಅಧ್ಯಾಯ ಆ ವಾರವೇ ವಾಟ್ಸಾಪಿನಲ್ಲಿ ಹರಿದಾಡಿತು. ಕಾದಂಬರಿಗಳಲ್ಲಿ ಸತ್ಯ ಹೇಳಲು ಹೊರಟವನ ಬಾಯಿ ಮುಚ್ಚಿಸುವ ಪುಟಗಳನ್ನು ಅವರು ಎಷ್ಟೋ ಸಲ ಓದಿದ್ದರು. ಈಗ ಆ ಪುಟದಲ್ಲಿ ಅವರೇ ಇದ್ದರು.

ಸಹಿ ಮಾಡಿದವರ ಪಟ್ಟಿ ಅವರ ಬಳಿಯೇ ಇತ್ತು, ಫೋನ್ ನಂಬರುಗಳ ಸಮೇತ. ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಅದನ್ನೂ ಯಾರೋ ಬರೆಸಿದ್ದು ಎನ್ನುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೇ ಫೋನ್ ಮಾಡುವುದೆಂದು ನಿರ್ಧರಿಸಿದರು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಅಡುಗೆಮನೆಯ ಮೇಜಿನ ಮುಂದೆ, ಪಟ್ಟಿಯ ಕ್ರಮದಲ್ಲೇ. "ನಾ ದಾನಪ್ಪ ಕಲಘಟಗಿ. ನಾ ಹೇಳಿದ್ದು ತಪ್ಪಿತ್ತು," ಎಂದೇ ಪ್ರತಿ ಸಲ ಶುರು. ಕೆಲವರಿಗೆ ಸಹಿ ಮಾಡಿದ್ದೇ ನೆನಪಿರಲಿಲ್ಲ. ಕೆಲವರು ಬೈದರು. ಟೊರೊಂಟೊದ ಜೆರಾರ್ಡ್ ಬಜಾರಿನಲ್ಲಿ ಪೂಜಾ ಸಾಮಗ್ರಿಯ ಅಂಗಡಿ ಇಟ್ಟಿರುವ ಒಬ್ಬರು ಒಂದು ಗಂಟೆ ವಾದ ಮಾಡಿ, ಕೊನೆಗೆ ಆ ಡಬ್ಬಿಯಂಥದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಕ್ಲೈನ್‌ಬರ್ಗಿನ ಸುಮಿತ್ರಮ್ಮ ವಿಷಯ ಕೇಳಿ ಫೋನ್ ಇಟ್ಟುಬಿಟ್ಟರು. ಎಂಬತ್ತರ ಹಿರಿಯರು, ಮಗಳ ಮನೆಯಲ್ಲಿ ಇರುವವರು. ದಾನಪ್ಪ ಕಾರು ತೆಗೆದುಕೊಂಡು ಅಲ್ಲಿಗೇ ಹೋದರು. ದಿನಾ ಪೂಜೆಯಲ್ಲಿ ಆ ಪರದೇಶಿ ಲಿಂಗಕ್ಕೂ ಒಂದು ಪತ್ರಿ ಏರಿಸುತ್ತಿದ್ದೆ, ಎರಡು ವರ್ಷ ಏರಿಸಿದ್ದೇನೆ, ಅದೆಲ್ಲ ಯಾರಿಗೆ ಮುಟ್ಟಿತು ಎಂದು ಸುಮಿತ್ರಮ್ಮ ಕೇಳಿದರು. ತಪ್ಪು ನನ್ನದು ಎಂದು ದಾನಪ್ಪ ಕೈ ಮುಗಿದರು. ಸುಮಿತ್ರಮ್ಮ ಮಗಳನ್ನು ಕರೆದು ಇವರಿಗೆ ಚಹಾ ಮಾಡಲು ಹೇಳಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ ನಾಲ್ಕುನೂರ ಹದಿನೇಳು ಹೆಸರಿನ ಮುಂದೆ ಗುರುತು ಬಿದ್ದಿತ್ತು. ಬಿಟ್ಟದ್ದು ಮೊದಲನೆಯದನ್ನು. ಬಸವೇಶನಿಗೆ ಫೋನಿನಲ್ಲಿ ಹೇಳಿ ಪ್ರಯೋಜನವಿಲ್ಲ, ಅವನು ಕಣ್ಣಾರೆ ನೋಡಬೇಕು ಎಂದು ದಾನಪ್ಪ ನಾಗವ್ವನಿಗೆ ಹೇಳುತ್ತಿದ್ದರು. ಏಪ್ರಿಲ್ ಮೊದಲ ವಾರ ಬಸವೇಶನೇ ಫೋನ್ ಮಾಡಿದ. ಎಲ್ಲರಿಗೂ ಮಾಡಿ ನನಗೇಕೆ ಮಾಡಲಿಲ್ಲ ಎಂದು ಕೇಳಿದ. ದಾನಪ್ಪ ಮ್ಯೂಸಿಯಂನ ದಿನ, ಹೊತ್ತು ಹೇಳಿದರು.

ಫಿಲೊಮೆನಾ ಮತ್ತೆ ಕೈಗವಸು ಹಾಕಿಕೊಂಡರು. ಆರು ತೊಳೆ ಬಿಚ್ಚಿದವು. ಬಸವೇಶ ಟಾರ್ಚ್ ಕೇಳಿ ಪಡೆದು, ಬಗ್ಗಿ, ಪ್ರತಿ ಮುಚ್ಚಳವನ್ನೂ ನೋಡಿದ. ಸ್ಕ್ರೂವಿನ ಹಲ್ಲು ಸವೆದದ್ದನ್ನು, ಮುಚ್ಚಳ ಸರಿದು ಸರಿದು ಬೆಳ್ಳಿಯಲ್ಲಿ ಬಿದ್ದ ಗೀರನ್ನು ದಾನಪ್ಪ ಬೆರಳು ತಾಗಿಸದೆ ತೋರಿಸಿದರು. ಇಂಥ ಸವೆತ ಮೂರು ವರ್ಷದಲ್ಲಿ ಆಗುವುದಿಲ್ಲ, ಇಂಜಿನಿಯರನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಅವನು ಟಾರ್ಚ್ ಆರಿಸಿ ಹಿಂದಿರುಗಿಸಿದ.

ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ತೆಗೆದ. ವಿಡಿಯೊ ಅಳಿಸುತ್ತೇನೆ ಎಂದ. ದಾನಪ್ಪ ಬೇಡವೆಂದರು. ಅಳಿಸಿದರೆ ಯಾರೋ ಹೆದರಿಸಿ ತೆಗೆಸಿದ್ದಾರೆ ಎನ್ನುತ್ತಾರೆ, ಅದರ ಕೆಳಗೇ ತಪ್ಪೆಂದು ಬರೆ ಎಂದರು. ಬಸವೇಶ ಬರೆಯತೊಡಗಿ, ನಡುವೆ ತಲೆ ಎತ್ತಿದ.

"ಕಾಕಾ, ಆ ಲವಂಗ ಗೋವಾದ ಹಡಗದಾಗ ಹೋಗಿರಬಹುದಲ್ಲಾ? ನಮ್ಮ ಕಡೆಯಿಂದ?"

"ಹೋಗಿರಬಹುದು."

"ಹಂಗಂತ ಬರೀಲೇನು?"

"ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರಿ."

ಬಸವೇಶ ಹಾಗೆಯೇ ಬರೆದ. ದಾನಪ್ಪ ಓದಿ ನೋಡಿ, ಜೇಬಿನಿಂದ ಪಟ್ಟಿ ತೆಗೆದು ಮೊದಲನೆಯ ಹೆಸರಿನ ಮುಂದೆ ಗುರುತು ಹಾಕಿದರು.