‘ಕೋ’ ಎಂದು ಬರೆದ ಟ್ಯೂಬು

ನನಗೆ ತಾಳಜ್ಞಾನ ಇತ್ತು, ತಾಳ್ಮೆ ಇರಲಿಲ್ಲ. ಎರಡು ಸಾವಿರದ ಇಸವಿಯ ಸುಮಾರಿಗೆ ಹಾಸನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಅದೇ ನನ್ನನ್ನು ಮುಳುಗಿಸಿತು.

ಹಕ್ಕಿ ಮತ್ತು ಸಸ್ತನಿಗಳ ಪ್ರಿಯಾನ್ ಜೀನುಗಳನ್ನು ಹೋಲಿಸುವುದು ನನ್ನ ಕೆಲಸ. ಈ ಜೀನಿನಿಂದಾಗುವ ಪ್ರೋಟೀನು ಕೆಟ್ಟರೆ ದನಗಳಿಗೆ ಹುಚ್ಚು ಹಿಡಿಯುತ್ತದೆ. ಆ ಪ್ರೋಟೀನಿನಲ್ಲಿ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ: ಸಸ್ತನಿಗಳಲ್ಲಿ ಎಂಟೆಂಟು ಅಮೈನೋ ಆಮ್ಲದ್ದು, ಕೋಳಿಯಲ್ಲಿ ಆರಾರರದ್ದು. ರುದ್ರಪಟ್ಟಣದಲ್ಲಿ ಸಂಗೀತ ಪಾಠ ಹೇಳುತ್ತಿದ್ದ ಅಪ್ಪನಿಗೆ, “ಹಸು ಎಂಟರ ಆದಿತಾಳ, ಕೋಳಿ ಆರರ ರೂಪಕ” ಎಂದು ತಿಳಿಸಿಕೊಟ್ಟಿದ್ದೆ.

ಅಂಥದ್ದರಲ್ಲಿ ನಮ್ಮ ನಾಟಿ ಕೋಳಿಯಲ್ಲಿ ಎಂಟು ಸಿಕ್ಕಿತು! ಜೀನನ್ನು ಹುಡುಕಿ ಹಿಡಿಯಲು ತರಿಸಿದ್ದ ಕೋಳಿಯ ಪ್ರೈಮರ್ ಎಂಬ ಡಿಎನ್‌ಎ ಚೂರು ಕೈಕೊಟ್ಟಿತ್ತು. ಹಟಕ್ಕೆ ಬಿದ್ದು ದನದ ಪ್ರೈಮರ್ ಹಾಕಿದ್ದೆ, ಅದು ಹಿಡಿದಿತ್ತು. ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರು. ಸೋಮವಾರ ಲೇಖನ ಹೊರದೇಶದ ಪತ್ರಿಕೆಗೆ ಹೊರಡುವುದಿತ್ತು, ನನ್ನ ಹೆಸರು ಮೊದಲು.

ಭಾನುವಾರ ಊರಿಗೆ ಹೋಗಿ ಬೀಗುತ್ತಾ ಹೇಳಿದೆ. ಅಪ್ಪ ತೊಡೆಯ ಮೇಲೆ ಎಂಟು ಎಣಿಸಿ ಕೈ ನಿಲ್ಲಿಸಿದರು.

“ಕೃತಿ ಬದಲಾಯ್ತೋ, ಹಾಡಿದವರು ಬದಲಾದರೋ, ವಿಚಾರಿಸಿದ್ಯೇನೇ?”

ಟ್ಯೂಬಿನಲ್ಲಿದ್ದ ರಕ್ತ ಕೋಳಿಯದೇ ಹೌದೋ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಹೊರಟೆ. ರಕ್ತ ತೆಗೆದು, ಟ್ಯೂಬಿನ ಮೇಲೆ ಒಂದೊಂದಕ್ಷರ ಬರೆದು ಕೊಟ್ಟಿದ್ದವರು ಅಲ್ಲಿನ ದನದ ಆಸ್ಪತ್ರೆಯ ಕಾಂಪೌಂಡರು. ಬಸ್ಸು ನಿಂತಲ್ಲೆಲ್ಲ ಇಳಿದು ಅದನ್ನು ತಳ್ಳಬೇಕೆನಿಸುತ್ತಿತ್ತು.

“‘ಕೋ’ ಅಂತ ಬರೆದಿದ್ರಲ್ಲ, ಅದು ಕೋಳೀದೇ ತಾನೆ?”

“ಅಯ್ಯೋ, ಅದು ಕೋಣಂದು ಕಣಮ್ಮ! ಅವತ್ತು ಒಂದು ಕೋಣ ಬಂದಿತ್ತು, ಇರ್ಲಿ ಅಂತ ತಗ್ದು ಕೊಟ್ಟೆ. ಕೋಳೀದು ಬ್ಯಾರೆ ಕೊಟ್ಟಿವ್ನಲ್ಲ. ಉಂಜದ್ದು. ಅದ್ಕೇ ‘ಹುಂ’ ಅಂತ ಬರ್ದಿದ್ದೆ.”

ಆ ಟ್ಯೂಬು ನನಗೆ ಚೆನ್ನಾಗಿ ನೆನಪಿತ್ತು. ಎಲ್ಲ ಸರಿಯಿದೆಯೆಂದು ಅವರು ಹೂಂಗುಟ್ಟಿದ್ದಾರೆ ಅಂದುಕೊಂಡು ಫ್ರಿಜ್ಜಿನ ಮೂಲೆಗೆ ತಳ್ಳಿದ್ದೆ. ಹುಂಜ ಹೊಳೆಯದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ಅವಸರದಲ್ಲಿ ಎರಡು ಸಲ ತಪ್ಪು ನಂಬರು ಒತ್ತಿದೆ.

“ಸರ್, ಲೇಖನದ ಲಕೋಟೆ ಕಳಿಸಬೇಡಿ. ಅದು ಕೋಳಿ ಅಲ್ಲ, ಕೋಣ.”



“ಈಗತಾನೇ ಹೋಯ್ತಮ್ಮ,” ಎಂದರು ಗೈಡ್. “ನಾನೂ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಗಿದೆ ಅಂತ ಇನ್ನೊಂದು ಕಾಗದ ಇವತ್ತೇ ಹೋಗಬೇಕು. ನೀನೇ ಬರಿ. ಹೇಗಾಯ್ತು ಅನ್ನೋದನ್ನೂ ಬರಿ.”

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹಾಳೆ ತೆಗೆದೆ. ಕೋಳಿ ಎಂದುಕೊಂಡದ್ದು ಕೋಣವಾಗಿತ್ತು ಎಂದು ಒಂದು ಸಾಲು ಇಂಗ್ಲಿಷಿನಲ್ಲಿ ಬರೆದೆ. ಹೇಗಾಯ್ತು ಅನ್ನುವ ಕಡೆ ಪೆನ್ನು ನಿಂತುಹೋಯಿತು. ಇಂಗ್ಲಿಷಿನ ಕೋಳಿಗೂ ಕೋಣಕ್ಕೂ ಮೊದಲಕ್ಷರ ಒಂದೇ ಅಲ್ಲವಲ್ಲ!