ಶೈಲಕ್ಕನ ಅಕ್ರಿಲಿಕ್ ಪೆಟ್ಟಿಗೆ

ಶೈಲಕ್ಕನ ಕ್ಯಾಮೆರಾ ಭದ್ರೆಯ ಹಿನ್ನೀರಿನಲ್ಲಿ ಹಾಳಾದದ್ದು ಅವರು ಆರಿಸಿದ ಅಕ್ರಿಲಿಕ್‌ನ ದೋಷದಿಂದಲ್ಲ, ನನ್ನಿಂದ. ಒಂದು ಮೀಸೆ ಒರೆಸಲು ಹೋಗಿ ಆದ ಅನಾಹುತ ಅದು — ಕೇಳಿದವರು ನಗುತ್ತಾರೆಂದು ಇಷ್ಟು ವರ್ಷ ಹೇಳಲಿಲ್ಲ. ಇಲ್ಲ, ಇದೂ ಸುಳ್ಳು. ಹೆದರಿ ಹೇಳಲಿಲ್ಲ.

ಆಗ ನಾನು ಕೊಪ್ಪದ ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ ಊರವರ ದನಿ ಅನುಕರಿಸುತ್ತಿದ್ದೆ. ಬಸ್ ಏಜೆಂಟ್, ಡಾಕ್ಟರು, ನನ್ನಪ್ಪ; ಯಾರೂ ಸಿಗದಿದ್ದರೆ ಹುಡುಗಿಯರ ಮುಂದೆ ತೊದಲುವ ನನ್ನನ್ನೇ. ಶೈಲಕ್ಕ ಶೃಂಗೇರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದವರು. ಶೀಶೆಯಲ್ಲಿ ಬಿಳಿಚಿಕೊಂಡ ಮೀನು ತೋರಿಸಿ ಅವರಿಗೆ ಸಾಕಾಗಿತ್ತು. ನೀರೊಳಗೆ ಮೀನು ಬದುಕುವುದನ್ನು ಮಕ್ಕಳು ನೋಡಬೇಕೆಂದು ತಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ನೀರು ನುಗ್ಗದ ಪೆಟ್ಟಿಗೆ ಮಾಡಿಸಲು ಹೊರಟರು. ಕ್ಯಾಮೆರಾ ಗೊತ್ತಿದ್ದವನೆಂದು ಜೊತೆಗೆ ನನ್ನನ್ನು ಕರೆದರು.

ಅವರು ವಸ್ತು ಆರಿಸುವುದನ್ನು ನೀವು ನೋಡಬೇಕಿತ್ತು. ಪಿವಿಸಿ ಪೈಪು, ಅಲ್ಯೂಮಿನಿಯಂ ಡಬ್ಬಿ, ಗಾಜು, ಗಾಜಿನಂತೆ ಆಚೆ ಕಾಣುವ ಪ್ಲಾಸ್ಟಿಕ್ಕಾದ ಅಕ್ರಿಲಿಕ್ — ಒಂದೊಂದರೊಳಗೂ ಒಣ ಕಾಗದ ತುರುಕಿ, ಕಲ್ಲು ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು. ಮರುದಿನ ಎತ್ತಿ ಆ ಕಾಗದವನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತೇವ ಬೆರಳಿಗಿಂತ ಕೆನ್ನೆಗೆ ಬೇಗ ತಿಳಿಯುತ್ತದಂತೆ. ಅಣಕಿಸಲೆಂದೇ ನಾನೂ ಒತ್ತಿ ನೋಡಿದೆ, ನಿಜ.

ಲೇತ್ ವರ್ಕ್‌ಶಾಪಿನ ರಾಜಣ್ಣ ಮಾತ್ರ ಅಲ್ಯೂಮಿನಿಯಂ ಬಿಟ್ಟು ಬೇರೆ ಬೇಡವೆಂದು ಹಟ ಹಿಡಿದರು. ಪ್ಲಾಸ್ಟಿಕ್ ನಂಬಿ ನೀರಿಗೆ ಇಳಿಯುವವರುಂಟೇ ಎಂದು ನಕ್ಕರು. ವರ್ಕ್‌ಶಾಪಿನಲ್ಲಿದ್ದವರೆಲ್ಲರ ಎದುರು ಶೈಲಕ್ಕ ಹೇಳಿದರು:

"ನಿಮ್ಮ ಡಬ್ಬಿ ಗಟ್ಟಿ, ಒಪ್ದೆ ರಾಜಣ್ಣ. ಆದ್ರೆ ಒಳಗೆ ಮೊದಲ ಹನಿ ಬಿದ್ರೆ ನಂಗೆ ಕಾಣ್ಬೇಕು. ಪೂರ್ತಿ ತುಂಬಿದ್ಮೇಲೆ ಗೊತ್ತಾಗಿ ಎಂತ ಮಾಡೋದು?"

ಎಂಥ ತಲೆ ಅದು! ದಪ್ಪ ಅಕ್ರಿಲಿಕ್ ಹಾಳೆ, ನಡುವೆ ರಬ್ಬರ್ ರಿಂಗು, ಸುತ್ತ ಸ್ಕ್ರೂ. ಆ ಪೆಟ್ಟಿಗೆಯನ್ನು ಎಷ್ಟು ಸಲ ಬಾವಿಗೆ ಬಿಟ್ಟರೂ ಕಾಗದ ಒಣದಾಗಿಯೇ ಮೇಲೆ ಬಂತು.

ಹಿನ್ನೀರಿಗೆಂದು ನರಸಿಂಹರಾಜಪುರಕ್ಕೆ ಹೊರಡುವ ಹಿಂದಿನ ದಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಸೋಪಿನ ನೀರು ಬಿಟ್ಟು ಬೇರೇನೂ ತಾಗಿಸಬೇಡ, ಅಕ್ರಿಲಿಕ್ ಬಿರುಕು ಬಿಡುತ್ತದೆ ಎಂದೂ ಹೇಳಿದ್ದರು. ನಾನು ಗೆಳೆಯರನ್ನು ನಗಿಸಲು ಅದರ ಮುಂಬದಿಯ ಮೇಲೆ ಮಾರ್ಕರ್‌ನಿಂದ ಶೈಲಕ್ಕನ ಕನ್ನಡಕ ಬರೆದೆ, ಕೆಳಗೆ ರಾಜಣ್ಣನ ಮೀಸೆ ಬರೆದೆ, ಇಬ್ಬರ ದನಿಯಲ್ಲೂ ಜಗಳವಾಡಿದೆ. ಆಮೇಲೆ ಸೋಪಿನ ನೀರಲ್ಲಿ ಒರೆಸಿದರೆ ಕನ್ನಡಕ ಹೋಯಿತು, ಮೀಸೆ ಹೋಗಲೊಲ್ಲದು. ಪೇಂಟಿಗೆ ಬೆರೆಸುವ ಥಿನ್ನರ್ ಇತ್ತು — ತಿಕ್ಕಿದೆ. ಮೀಸೆ ಹೋಯಿತು. ಬೆಳಕಿಗೆ ಹಿಡಿದರೆ ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಗೆರೆಗಳು ಮೂಡಿದ್ದವು. ನಾನು ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ದೋಣಿಯಿಂದ ಇಳಿಬಿಟ್ಟೆವು. ಟಕ್ಕೆಂದಿತು, ಅಷ್ಟೇ. ಎಳೆಯುವಷ್ಟರಲ್ಲಿ ಪೆಟ್ಟಿಗೆ ತುಂಬ ನೀರು. ಮೊದಲ ಹನಿ ನೋಡುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಶೈಲಕ್ಕ ಯಾರನ್ನೂ ಬೈಯಲಿಲ್ಲ. ನೇರ ರಾಜಣ್ಣನ ವರ್ಕ್‌ಶಾಪಿಗೆ ಹೋಗಿ, ಅಲ್ಲಿದ್ದವರ ಎದುರೇ, ತಾವು ಆರಿಸಿದ್ದು ತಪ್ಪು, ನೀವೇ ಸರಿ ಎಂದು ಒಪ್ಪಿಕೊಂಡರು. ಪಕ್ಕದಲ್ಲೇ ನಿಂತಿದ್ದೆ ನಾನು. ಬಾಯಿ ತೆರೆಯಬಹುದಿತ್ತು... ತೆರೆದೆ, ಮರುದಿನ — ಆ ಸೋತ ದನಿಯನ್ನು ಅನುಕರಿಸಿ ಅದೇ ಜನರನ್ನು ನಗಿಸಲು.

ಅವರು ಮತ್ತೆ ಪೆಟ್ಟಿಗೆ ಮಾಡಿಸಲಿಲ್ಲ. ಕ್ಯಾಮೆರಾ ಹೋದದ್ದು ಹೋಯಿತು. ಅವರ ಸರಿಯಾದ ತೀರ್ಮಾನವನ್ನು ಅವರ ಬಾಯಿಂದಲೇ ತಪ್ಪೆನ್ನಿಸಿದೆನಲ್ಲ —

ಮೊನ್ನೆ ಶೃಂಗೇರಿಗೆ ಹೋಗಿ ಎಲ್ಲ ಹೇಳಿದೆ. ಉತ್ತರಪತ್ರಿಕೆ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು ಮೊದಲು ಕೇಳಿದ್ದೇನು ಗೊತ್ತೇ? ಗೆರೆಗಳು ತೂತಿನಿಂದಲೇ ಶುರುವಾಗಿದ್ದವೇ ಎಂದು. ಹೌದೆಂದೆ. ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನನ್ ಕಾಲ ಹತ್ರ ನಿಂಗೆಂತ ಕೆಲಸ ಮಾರಾಯ? ರಾಜಣ್ಣನ ವರ್ಕ್‌ಶಾಪಲ್ಲಿ ಜನ ಇರೋ ಹೊತ್ತು ನೋಡ್ಕೊಂಡು ಹೋಗು. ಅಲ್ಲಿ ಹೇಳು. ನಿನ್ನ ದನಿಲೇ ಹೇಳು."